ಕಡಲು ಕಂಡೆವು, ಊರು ಕಾಣಲಿಲ್ಲ

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಮನೆಗಳಿಗೂ ಕ್ರೂಸ್ ಎಂಬ ಪ್ರವಾಸ ಬಂದು ಕೆಲವು ವರ್ಷಗಳಾದವು. ಮಗನೋ ಮಗಳೋ ಅಮೆರಿಕದಲ್ಲಿ ಕೆಲಸದಲ್ಲಿರುತ್ತಾರೆ. ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಿಕೊಳ್ಳುವುದಕ್ಕೋ ಹೋದ ಅಪ್ಪ ಅಮ್ಮನಿಗೆ ನಯಾಗರ, ಲಾಸ್ ವೇಗಸ್ ತೋರಿಸಿದ ಮೇಲೆ ಒಂದು ಹಡಗಿನ ಟಿಕೆಟ್ಟೂ ಆಗುತ್ತದೆ. ಮರಳಿ ಬಂದವರು ನಾಯಕನಹಟ್ಟಿಯ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಫೋನು ತೆಗೆದು ಫೋಟೊ ತೋರಿಸುತ್ತಾರೆ. "ಹೆಂಗಿತ್ತು?" ಎಂದರೆ "ಭಾಳ ಚೆನ್ನಾಗಿತ್ತು, ಊಟಕ್ಕೆ ಲೆಕ್ಕವೇ ಇಲ್ಲ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಒಂದು ಕಾದಂಬರಿಯನ್ನೋ ನಾಟಕವನ್ನೋ ತೂಗಿ ನೋಡುವ ನಾವು, ಲಕ್ಷಗಟ್ಟಲೆ ಹಣ ಹೋಗುವ ಇಂಥ ರೂಢಿಯನ್ನು ತೂಗಿ ನೋಡುವುದಿಲ್ಲ. ಮಗಳ ಒತ್ತಾಯಕ್ಕೆ ಒಪ್ಪಿ, ನಾನೂ ನನ್ನ ಹೆಂಡತಿಯೂ ಸ್ಯಾನ್ ಫ್ರಾನ್ಸಿಸ್ಕೊದಿಂದ ಹವಾಯಿ ದ್ವೀಪಗಳಿಗೆ ಹೋಗಿಬರುವ ದೀರ್ಘ ಸಮುದ್ರಯಾನ ಮುಗಿಸಿ ಬಂದಿದ್ದೇವೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಸಮುದ್ರವನ್ನು ಕಾಣಲು, ದಣಿದ ಮೈಗೆ ವಿಶ್ರಾಂತಿ ಕೊಡಲು ಇದಕ್ಕಿಂತ ಒಳ್ಳೆಯ ಏರ್ಪಾಡು ನಾನು ಕಂಡಿಲ್ಲ. ಆದರೆ ದೇಶ ನೋಡುವುದಕ್ಕೆ ಇದು ದಾರಿಯಲ್ಲ.

ಮೊದಲು ಸಮುದ್ರದ ಮಾತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಹವಾಯಿಯ ಹಿಲೊ ಪಟ್ಟಣಕ್ಕೆ ಸುಮಾರು 2,000 ನಾಟಿಕಲ್ ಮೈಲಿ. ನಡುವೆ ಒಂದು ಬಂಡೆಯೂ ಇಲ್ಲ. ವಿಮಾನ ಐದಾರು ಗಂಟೆಗಳಲ್ಲಿ ದಾಟುವ ಈ ನೀರನ್ನು ಹಡಗು ನಾಲ್ಕೈದು ದಿನ ದಾಟುತ್ತದೆ. ಹೋಗುವಾಗ ಕೆಲವು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಬೇಕು. ಬರುವಾಗ ಆ ಗಂಟೆಗಳನ್ನೆಲ್ಲ ಹಿಂದಿರುಗಿಸಬೇಕು. ಭೂಮಿ ದುಂಡಗಿದೆ, ಅದು ತಿರುಗುತ್ತದೆ ಎಂದು ವರ್ಷಗಟ್ಟಲೆ ಮಕ್ಕಳಿಗೆ ಪಾಠ ಮಾಡಿದವನು ನಾನು. ಆ ಪಾಠ ನನ್ನ ನಿದ್ದೆಗೆ, ಹಸಿವಿಗೆ ಗೊತ್ತಾದದ್ದು ಅಲ್ಲಿ. ಎರಡನೆಯ ದಿನಕ್ಕೆ ಹಕ್ಕಿಗಳು ಹಿಂದೆ ಉಳಿದವು. ನೀರಿನ ಬಣ್ಣ ಬೂದಿಯಿಂದ ಕಡುನೀಲಿಗೆ ತಿರುಗಿತು. ಕುದಾಪುರದ ಕಾವಲಿನಲ್ಲಿ ನಿಂತು ನಾಲ್ಕು ದಿಕ್ಕಿಗೂ ಮುಗಿಲಂಚು ನೋಡಿ ಬೆಳೆದವರಿಗೆ ಆ ಬಟ್ಟಬಯಲು ಹೆದರಿಕೆ ಹುಟ್ಟಿಸುವುದಿಲ್ಲ. ಮೇಲಿನ ಡೆಕ್ಕಿನಲ್ಲಿ ಬೆಳಗಿನ ಹೊತ್ತು ಗಂಟೆಗಟ್ಟಲೆ ಸುಮ್ಮನೆ ಕೂತೆ. ಹಡಗು ಕೊಡುವ ಅತಿ ದೊಡ್ಡ ಉಡುಗೊರೆ ಅದೇ. ಆದರೆ ದಿನಾ ರಾತ್ರಿ ಕೋಣೆಗೆ ಬರುವ ಕಾರ್ಯಕ್ರಮಪಟ್ಟಿಯಲ್ಲಿ ಅದಕ್ಕೆ ಜಾಗವಿರುವುದಿಲ್ಲ. ಬೆಳಗ್ಗೆ ರಸಪ್ರಶ್ನೆ, ಮಧ್ಯಾಹ್ನ ಬಿಂಗೊ, ವಜ್ರದ ಆಭರಣಗಳ ಮಾರಾಟ, ಸಂಜೆ ಕ್ಯಾಸಿನೊ. ಸಮುದ್ರವನ್ನು ಮರೆಸಲಿಕ್ಕೆ ಹಡಗಿನವರು ಪಡುವ ಶ್ರಮ ನನಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ವಿ. ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೊರಟಾಗ ಹಡಗೇ ಗತಿಯಾಗಿತ್ತು. ಆ ಯಾನದಿಂದ ಕನ್ನಡಕ್ಕೆ 'ಸಮುದ್ರದಾಚೆಯಿಂದ' ಎಂಬ ಪ್ರವಾಸಕಥನ ಬಂತು, 'ಸಮುದ್ರ ಗೀತೆಗಳು' ಬಂದವು. ಅಂದಿನ ಹಡಗು ಒಂದೂರಿನಿಂದ ಇನ್ನೊಂದೂರಿಗೆ ಮುಟ್ಟಿಸುವ ಸಾಧನ. ಇಂದಿನದು ಹೊರಟ ಬಂದರಿಗೇ ತಂದು ಬಿಡುತ್ತದೆ. ಪ್ರಯಾಣದ ಅರ್ಥವನ್ನೇ ಇದು ಬದಲಿಸಿದೆ.

ಇದರ ಒಳ್ಳೆಯದನ್ನು ಮುಚ್ಚಿಡಬಾರದು. ನನ್ನ ಹೆಂಡತಿಗೆ ಮಂಡಿನೋವು. ದಿನಕ್ಕೊಂದು ಹೋಟೆಲು, ಬಸ್ಸು ಹತ್ತಿ ಇಳಿಯುವುದು, ಸೂಟ್‌ಕೇಸ್ ಕಟ್ಟಿ ಬಿಚ್ಚುವುದು ಅವಳ ಕೈಲಾಗುವುದಿಲ್ಲ. ಹಡಗಿನಲ್ಲಿ ಒಮ್ಮೆ ಬಟ್ಟೆ ಬಿಚ್ಚಿಟ್ಟರೆ ಮುಗಿಯಿತು. ಲಿಫ್ಟುಗಳಿವೆ, ಗಾಲಿಕುರ್ಚಿ ಸರಾಗವಾಗಿ ಓಡಾಡುವ ಹಜಾರಗಳಿವೆ, ಒಬ್ಬ ಡಾಕ್ಟರು ಇದ್ದಾರೆ. ಮೊದಲೇ ತಿಳಿಸಿದರೆ ಬೇಳೆ ಸಾರು, ಚಪಾತಿಯನ್ನೂ ಮಾಡಿಕೊಡುತ್ತಾರೆ. ನಲವತ್ತು ವರ್ಷ ಒಲೆ ಮುಂದೆ ನಿಂತ ಹೆಂಗಸು ಅಷ್ಟು ದಿನ ಅಡುಗೆಮನೆಯ ಯೋಚನೆಯೇ ಇಲ್ಲದೆ ಇದ್ದದ್ದನ್ನು ನಾನು ಮೊದಲ ಸಲ ನೋಡಿದೆ. ನಮ್ಮ ವಯಸ್ಸಾದ ತಾಯಂದಿರಿಗೆ ಇಂಥ ಬಿಡುವು ಬೇರೆಲ್ಲಿ ಸಿಗುತ್ತದೆ? ಕ್ರೂಸನ್ನು ಬರೀ ಶ್ರೀಮಂತರ ಷೋಕಿ ಎಂದು ತಳ್ಳಿಹಾಕುವವರು ಈ ಮಾತಿಗೆ ಉತ್ತರ ಕೊಡಬೇಕು.

ಅವಳನ್ನು ಬೆರಗುಗೊಳಿಸಿದ್ದು ನೀರು. ನಮ್ಮ ಕಡೆಯ ಜನ ನೀರು ನೋಡಲಿಕ್ಕೆಂದೇ ಪ್ರವಾಸ ಹೋಗುವವರು. 1933ರ ನಂತರ ಮೊದಲ ಬಾರಿಗೆ, 2022ರಲ್ಲಿ, ಮಾರಿಕಣಿವೆ ಜಲಾಶಯ ಕೋಡಿ ಬಿದ್ದಾಗ ಊರಿಗೆ ಊರೇ ಗಾಡಿ ಕಟ್ಟಿಕೊಂಡು ಹೋಗಿ ನೋಡಿ ಕಣ್ಣೊರೆಸಿಕೊಂಡು ಬಂತು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆಯ ತಾಲ್ಲೂಕು ನಮ್ಮದು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು. ಅದಕ್ಕೇ ಹಳ್ಳಿಹಳ್ಳಿಗೆ ಶುದ್ಧ ನೀರಿನ ಘಟಕ. ನಾಣ್ಯ ಹಾಕಿ ಕ್ಯಾನು ಹಿಡಿಯಬೇಕು, ಕರೆಂಟು ಹೋದರೆ ಖಾಲಿ ಕ್ಯಾನುಗಳನ್ನು ಸಾಲಾಗಿಟ್ಟು ಕಾಯಬೇಕು. ಹಡಗಿನಲ್ಲಿಯೂ ಇರುವುದು ಅದೇ ಆರ್‌ಒ ಯಂತ್ರ, ಎಷ್ಟೋ ಪಟ್ಟು ದೊಡ್ಡದು. ಲೀಟರಿಗೆ 35 ಗ್ರಾಂ ಉಪ್ಪಿರುವ ಸಮುದ್ರದ ನೀರನ್ನು ಭಾರೀ ಒತ್ತಡದಲ್ಲಿ ಪೊರೆಯ ಮೂಲಕ ಹಾಯಿಸಿಯೋ, ಎಂಜಿನ್ನಿನ ಬಿಸಿಯಿಂದ ಆವಿ ಮಾಡಿ ತಣಿಸಿಯೋ ಸಿಹಿನೀರು ತೆಗೆಯುತ್ತಾರೆ. ಆಮೇಲೆ ಖನಿಜ, ಕ್ಲೋರಿನ್ ಬೆರೆಸುತ್ತಾರೆ. ಸಾವಿರಾರು ಜನ ದಿನಕ್ಕೆ ಎರಡು ಸಲ ಸ್ನಾನ ಮಾಡಿದರೂ ನಲ್ಲಿ ನಿಲ್ಲಲಿಲ್ಲ. ಆ ನೀರಿನ ಹಿಂದೆ ಸುಡುವ ಎಣ್ಣೆಯಿದೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಹೆಂಡತಿ ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುವುದನ್ನು ಅಲ್ಲಿಯೂ ಬಿಡಲಿಲ್ಲ.

ಇನ್ನು ನೆಲ. ಹಿಲೊ ಅಮೆರಿಕದ ಅತ್ಯಂತ ಹೆಚ್ಚು ಮಳೆಯ ಪಟ್ಟಣಗಳಲ್ಲಿ ಒಂದು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ. ಹಡಗು ಬೆಳಗ್ಗೆ ಎಂಟರ ಸುಮಾರಿಗೆ ಕಟ್ಟೆಗೆ ತಾಗಿತು. ಸಂಜೆ ಹೊರಡುವ ಅರ್ಧ ಗಂಟೆ ಮೊದಲೇ ಎಲ್ಲರೂ ಒಳಗಿರಬೇಕು. ಈ ನಡುವಿನ ಎಂಟು ಗಂಟೆಯಲ್ಲಿ ಬಹುಪಾಲು ಜನ ಹಡಗಿನವರೇ ಗೊತ್ತುಮಾಡಿದ ಬಸ್ಸುಗಳಲ್ಲಿ ಜ್ವಾಲಾಮುಖಿ ಉದ್ಯಾನಕ್ಕೆ ಹೋಗಿ ಹಿಂದಿರುಗುತ್ತಾರೆ. ನಾವಿಬ್ಬರು ಟ್ಯಾಕ್ಸಿ ಹಿಡಿದು ಊರೊಳಗಿನ ಸುನಾಮಿ ವಸ್ತುಸಂಗ್ರಹಾಲಯಕ್ಕೆ ಹೋದೆವು. 1946ರಲ್ಲಿ ಒಮ್ಮೆ, 1960ರಲ್ಲಿ ಮತ್ತೊಮ್ಮೆ ಸಮುದ್ರ ಈ ಊರಿಗೆ ನುಗ್ಗಿ ದಡದ ಮೊಹಲ್ಲಾಗಳನ್ನೇ ಅಳಿಸಿಹಾಕಿತು. ಅಲ್ಲಿ ಮತ್ತೆ ಮನೆ ಕಟ್ಟದೆ ಹುಲ್ಲುಹಾಸಿನ ಬಯಲಾಗಿ ಬಿಟ್ಟಿದ್ದಾರೆ. ವಸ್ತುಸಂಗ್ರಹಾಲಯದಲ್ಲಿ ಒಬ್ಬ ಮುದುಕಿ ನಮಗೆ ಪಟಗಳನ್ನು ತೋರಿಸಿದರು. ಅವರು ಒಂದು ಶಾಲೆಯ ಮಕ್ಕಳ ಗುಂಪುಫೋಟೊದ ಮುಂದೆ ನಿಂತು ಹೇಳತೊಡಗಿದಾಗ ನನ್ನ ಕೈ ಗಡಿಯಾರದ ಕಡೆ ಹೋಯಿತು. ಅವರಿಗೆ ಅದು ಕಂಡಿತು. "ಹಡಗಿನವರಾ?" ಎಂದು ಕೇಳಿ ಬೇಗ ಬೇಗ ಮುಗಿಸಿದರು. ಈ ಪ್ರವಾಸಪದ್ಧತಿಯ ಬಗ್ಗೆ ನನ್ನ ದೊಡ್ಡ ತಕರಾರು ಇದೇ: ಇನ್ನೊಬ್ಬರ ಸಂಕಟ ಕೇಳುವಷ್ಟು ಹೊತ್ತು ಅದು ನಮ್ಮನ್ನು ಎಲ್ಲಿಯೂ ನಿಲ್ಲಗೊಡುವುದಿಲ್ಲ.

ಹವಾಯಿಯಲ್ಲಿ ಕನ್ನಡಿಗ ನೋಡಲೇಬೇಕಾದ ಸಂಗತಿ ಇನ್ನೊಂದಿತ್ತು. 1893ರಲ್ಲಿ ಅಲ್ಲಿನ ರಾಣಿಯನ್ನು ಪದಚ್ಯುತಗೊಳಿಸಿದರು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಾ ಮಾಧ್ಯಮ ಮಾಡಿತು. ಎರಡು ಮೂರು ತಲೆಮಾರಿನಲ್ಲಿ ಹವಾಯಿ ಭಾಷೆ ಮಕ್ಕಳ ಬಾಯಿಂದ ಮರೆಯಾಗುವ ಸ್ಥಿತಿಗೆ ಬಂತು. 1978ರಲ್ಲಿ ರಾಜ್ಯದ ಸಂವಿಧಾನ ಅದನ್ನು ಮತ್ತೆ ಅಧಿಕೃತ ಭಾಷೆಯಾಗಿಸಿತು. 1984ರಲ್ಲಿ ಕೌವಾಯಿ ದ್ವೀಪದಲ್ಲಿ ಪೂರ್ತಿ ಹವಾಯಿ ಭಾಷೆಯಲ್ಲೇ ನಡೆಯುವ ಶಿಶುವಿಹಾರವನ್ನು ತಂದೆತಾಯಂದಿರು, ಶಿಕ್ಷಕರು ಸೇರಿ ತೆರೆದರು. ಇಂದು ಹಿಲೊದ ವಿಶ್ವವಿದ್ಯಾಲಯದಲ್ಲಿ ಆ ಭಾಷೆಗೇ ಮೀಸಲಾದ ಕಾಲೇಜಿದೆ. ಆಂಧ್ರದ ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಶಾಲೆಗಳ ಪಾಡನ್ನು ಪಕ್ಕದಲ್ಲೇ ಇದ್ದು ಕಂಡ ನಮಗೆ ಅಂಥ ಒಂದು ತರಗತಿಯಲ್ಲಿ ಹತ್ತು ನಿಮಿಷ ಕೂರುವುದು ಎಷ್ಟು ದೊಡ್ಡ ಪಾಠವಾಗುತ್ತಿತ್ತು! ಹಡಗು ಇದರ ಬದಲಿಗೆ ಕೊಟ್ಟದ್ದು ಈಜುಕೊಳದ ಪಕ್ಕದಲ್ಲಿ ಹುಲಾ ನೃತ್ಯದ ತರಗತಿ, ಉಕುಲೇಲೆ ವಾದ್ಯದ ತರಗತಿ, ಪ್ಲಾಸ್ಟಿಕ್ ಹೂವಿನ ಹಾರ. ಹುಲಾ ಎಂಬುದು ವಂಶಾವಳಿಯನ್ನು, ದೇವತೆಗಳ ಕಥೆಯನ್ನು ಹೇಳುವ ಕಲೆ. ನಮ್ಮ ಕಾಡುಗೊಲ್ಲರ, ಮ್ಯಾಸಬೇಡರ ಹಾಡುಗಾರರು ಜುಂಜಪ್ಪನ, ಗಾದ್ರಿಪಾಲನಾಯಕನ ಕಥೆಯನ್ನು ರಾತ್ರಿಯಿಡೀ ಹಾಡುವಷ್ಟೇ ಗಂಭೀರವಾದದ್ದು. ಅದನ್ನು ಮುಕ್ಕಾಲು ಗಂಟೆಯ ಕಾಲಕ್ಷೇಪ ಮಾಡಿರುವುದನ್ನು ಕಂಡು ನನಗೆ ನೋವಾಯಿತು.

ಮರಳುವ ದಾರಿಯಲ್ಲಿ ಹಡಗು ಮೆಕ್ಸಿಕೊದ ಎನ್ಸೆನಾಡಾ ಬಂದರಿನಲ್ಲಿ ಕೆಲವೇ ಗಂಟೆ ನಿಂತಿತು. ಆ ನಿಲುಗಡೆಯ ಕಾರಣ 1886ರ ಒಂದು ಅಮೆರಿಕನ್ ಕಾನೂನು. ಅಮೆರಿಕದ ಧ್ವಜ ಹಾರಿಸದ ಹಡಗು ಅಮೆರಿಕದ ಬಂದರಿನಲ್ಲಿ ಜನ ಹತ್ತಿಸಿಕೊಂಡು ಅಮೆರಿಕದ ಬಂದರುಗಳನ್ನಷ್ಟೇ ಸುತ್ತಿ ಬರುವ ಹಾಗಿಲ್ಲ. ನಡುವೆ ಒಂದು ಪರದೇಶದ ಬಂದರು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚಾಗಿ ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾ ಧ್ವಜದಡಿ ನೋಂದಣಿಯಾಗಿರುತ್ತವೆ. ಅಮೆರಿಕದ ಕಂಪನಿ, ಅಮೆರಿಕದ ಗ್ರಾಹಕ, ಇನ್ನೊಂದು ದೇಶದ ಧ್ವಜ. ತೆರಿಗೆಯಲ್ಲೂ ಕೂಲಿಯಲ್ಲೂ ಅದರಿಂದ ಕಂಪನಿಗೆ ಲಾಭ. ಕತ್ತಲಲ್ಲಿ ಹೊಳೆಯುವ ದೀಪಗಳನ್ನು ಡೆಕ್ಕಿನಿಂದ ನೋಡಿದ್ದೇ ನಮ್ಮ ಪಾಲಿನ ಮೆಕ್ಸಿಕೊ. ಊರಿಗೆ ಬಂದ ಮೇಲೆ "ಮೆಕ್ಸಿಕೊ ನೋಡಿದಿರಾ" ಎಂದು ಕೇಳಿದವರಿಗೆ ಇಲ್ಲ ಎಂದೇ ಹೇಳಿದ್ದೇನೆ.

ಆ ಧ್ವಜದ ವ್ಯವಸ್ಥೆಯ ಭಾರ ಹೊರುವವರು ಹಡಗಿನ ಕೆಳ ಅಂತಸ್ತುಗಳಲ್ಲಿದ್ದಾರೆ. ಕಿಟಕಿಯಿಲ್ಲದ ಕೋಣೆಗಳಲ್ಲಿ ಇಬ್ಬಿಬ್ಬರು ಮಲಗುವ ಫಿಲಿಪ್ಪೀನ್ಸಿನವರು, ಇಂಡೊನೇಷ್ಯದವರು, ಭಾರತದವರು. ನಮ್ಮ ಕೋಣೆಯ ಹುಡುಗ ಮಂಗಳೂರು ಕಡೆಯವನು. ನನ್ನ ಹೆಂಡತಿ ನನ್ನೊಡನೆ ಕನ್ನಡದಲ್ಲಿ ಗೊಣಗುತ್ತಿದ್ದದ್ದು ಕೇಳಿಸಿಕೊಂಡು ಅವನ ಮುಖ ಅರಳಿತು. ಅಂದಿನಿಂದ ಅವನಿಗೆ ಅವಳು "ಅಮ್ಮ". ಎಂಟು ತಿಂಗಳ ಕಾಂಟ್ರಾಕ್ಟು, ವಾರದ ರಜೆ ಎಂಬುದಿಲ್ಲ. 2006ರ ಸಾಗರ ಕಾರ್ಮಿಕ ಒಪ್ಪಂದದ ಪ್ರಕಾರ ಹಡಗಿನ ಕೆಲಸಗಾರನಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು. ಉಳಿದ ಲೆಕ್ಕ ನೀವೇ ಹಾಕಿ: ವಾರಕ್ಕೆ 91 ಗಂಟೆ ದುಡಿಸಿದರೂ ಈ ಲೆಕ್ಕದಲ್ಲಿ ಅದು ಸರಿಯೇ. ಟವೆಲ್ಲು ಮಡಚಿ ಆನೆ, ಕೋತಿ ಮಾಡಿ ಹಾಸಿಗೆಯ ಮೇಲೆ ಕೂರಿಸಿ ಹೋಗುತ್ತಿದ್ದ ಆ ಹುಡುಗ ಒಂದು ದಿನ ಹೇಳಿದ: "ಮಗು ನಡೆಯಲಿಕ್ಕೆ ಶುರು ಮಾಡಿದ್ದು ನಾನು ಫೋನಲ್ಲಿ ನೋಡಿದ್ದು ಅಮ್ಮ. ಈಗ ಹೋದರೆ ಗುರುತು ಹಿಡಿಯುತ್ತದೋ ಇಲ್ಲವೋ." ಅಂದು ಸಂಜೆ ನನ್ನ ಹೆಂಡತಿ ಊಟಕ್ಕೆ ಬರಲಿಲ್ಲ.

ಕೊನೆಯ ರಾತ್ರಿ ಬಣ್ಣದ ಚೀಟಿ ಕಟ್ಟಿದ ಸೂಟ್‌ಕೇಸುಗಳನ್ನು ಕೋಣೆಯ ಹೊರಗಿಡಬೇಕು. ಹಜಾರದುದ್ದಕ್ಕೂ ಸಾಲು ಸಾಲು. ಅದೇ ಹೊತ್ತಿಗೆ ವಿಚಾರಣಾ ಕೌಂಟರಿನ ಮುಂದೆ ಇನ್ನೊಂದು ಸಾಲಿತ್ತು. ಪ್ರತಿದಿನಕ್ಕೆ ಇಷ್ಟು ಎಂದು ಬಿಲ್ಲಿಗೆ ಸೇರಿಸಿದ ಟಿಪ್ಸ್ ಹಣವನ್ನು ತೆಗೆಸಿಹಾಕಲು ನಿಂತವರು ಅವರು. ಅದರಲ್ಲಿ ನಮ್ಮ ದೇಶದವರೂ ಇದ್ದರು. ನಮ್ಮ ಭಾಷೆಯೂ ಕಿವಿಗೆ ಬಿತ್ತು. ಟಿಪ್ಸ್ ಇಲ್ಲಿ ಮೇಲುಕಾಣಿಕೆಯಾಗಿ ಉಳಿದಿಲ್ಲ, ಕೆಲಸಗಾರನ ಗಳಿಕೆಯ ದೊಡ್ಡ ಭಾಗವೇ ಅದರಿಂದ ಬರುತ್ತದೆ. ಸಂಬಳವನ್ನು ತಾನೇ ಪೂರ್ತಿ ಕೊಡದೆ ಅದನ್ನು ಪ್ರಯಾಣಿಕರ ಮರ್ಜಿಗೆ ಬಿಟ್ಟ ಕಂಪನಿಗಳದ್ದು ಮೊದಲ ತಪ್ಪು. ಆ ಮರ್ಜಿಯನ್ನು ಹೀಗೆ ಬಳಸುವವರದ್ದು ಎರಡನೆಯದು. ನಮ್ಮ ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದವರು, "ಮಾಡಿದಷ್ಟು ನೀಡು ಭಿಕ್ಷೆ" ಎಂದವರು. ದುಡಿದಷ್ಟಕ್ಕೆ ಸಲ್ಲಬೇಕು ಎಂಬ ಆ ಒಂದೇ ಮಾತಿನಿಂದ ಅಳೆದರೂ ಈ ಉದ್ಯಮ ಕೆಳಗೆ ನಿಲ್ಲುತ್ತದೆ. ಮರುದಿನ ಬೆಳಗ್ಗೆ ಹತ್ತರೊಳಗೆ ನಾವೆಲ್ಲ ಇಳಿದೆವು. ಮಧ್ಯಾಹ್ನಕ್ಕೆ ಹೊಸಬರು ಹತ್ತುತ್ತಾರೆ, ಸಂಜೆಗೆ ಹಡಗು ಮತ್ತೆ ಹೊರಡುತ್ತದೆ. ಆ ಕೆಲವೇ ಗಂಟೆಗಳಲ್ಲಿ ಸಾವಿರಕ್ಕೂ ಹೆಚ್ಚು ಕೋಣೆಗಳ ಹಾಸಿಗೆ, ಬಚ್ಚಲು ಹೊಸದಾಗಬೇಕು. ಅಂದು ಕೋಣೆಯ ಕೆಲಸದವರಿಗೆ ಊಟಕ್ಕೂ ಪುರಸೊತ್ತಿರುವುದಿಲ್ಲವೆಂದು ನಮ್ಮ ಕೋಣೆಯ ಹುಡುಗ ಹೇಳಿದ್ದ.

ಊಟದ ವಿಷಯದಲ್ಲಿ ಕಡಿಮೆ ಮಾತಾಡಿದರೂ ಸಾಕು. ಬಫೆಯಲ್ಲಿ ಬಿಟ್ಟ ಅನ್ನವನ್ನು ಯಂತ್ರದಲ್ಲಿ ಅರೆದು, ದಡದಿಂದ ಮೂರು ನಾಟಿಕಲ್ ಮೈಲಿ ಆಚೆ ಸಮುದ್ರಕ್ಕೆ ಬಿಡಲು ಅಂತಾರಾಷ್ಟ್ರೀಯ ನಿಯಮದಲ್ಲಿಯೇ ಅವಕಾಶವಿದೆ. ದಾಸೋಹದ ಪಂಕ್ತಿಯಲ್ಲಿ ಎಲೆಯ ಮೇಲೆ ಅಗುಳು ಬಿಟ್ಟರೆ ಹಿರಿಯರು ಗದರುವ ಕಡೆಯಿಂದ ಬಂದವರಿಗೆ ಆ ತಟ್ಟೆಗಳನ್ನು ನೋಡುವುದು ಕಷ್ಟ. ಹೊಗೆಯ ಕಥೆಯೂ ಹಾಗೇ. 2020ರಿಂದ ಹಡಗಿನ ಎಣ್ಣೆಯಲ್ಲಿ ಗಂಧಕ ಶೇ 0.50ಕ್ಕಿಂತ ಹೆಚ್ಚಿರಬಾರದು, ಅಮೆರಿಕದ ದಡದಿಂದ 200 ನಾಟಿಕಲ್ ಮೈಲಿಯೊಳಗೆ ಶೇ 0.10. ಹೊಗೆ ತೊಳೆಯುವ ಯಂತ್ರ ಹಾಕಿಕೊಂಡರೆ ಹಳೆಯ ಕೊಳಕು ಎಣ್ಣೆಯನ್ನೇ ಸುಡಬಹುದು. ಆ ತೊಳೆದ ನೀರು ಬಹುಪಾಲು ಸಮುದ್ರಕ್ಕೇ ಹೋಗುತ್ತದೆ.

ಪ್ರಯಾಣ ಎಂದರೆ ಏನು ಎಂಬ ಪ್ರಶ್ನೆಗೆ ನಮ್ಮಲ್ಲಿ ಬೇರೆ ಉತ್ತರವಿದೆ. ಫಾಲ್ಗುಣದ ಬಿಸಿಲಿನಲ್ಲಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಜನ ದಾವಣಗೆರೆ, ಬಳ್ಳಾರಿ ಕಡೆಯಿಂದ, ಆಂಧ್ರದ ಹಳ್ಳಿಗಳಿಂದ ನಡೆದು ಬರುತ್ತಾರೆ. ದಾರಿಯ ಊರಿನವರು ಚಪ್ಪರ ಹಾಕಿ ಮಜ್ಜಿಗೆ, ಪಾನಕ ಕೊಡುತ್ತಾರೆ. ಗೊತ್ತಿಲ್ಲದವರ ಜಗಲಿಯಲ್ಲಿ ಮಲಗುತ್ತಾರೆ. ಒಣಕೊಬ್ಬರಿ ಸುಟ್ಟು ಹರಕೆ ತೀರಿಸಿ ಮರಳುವಾಗ ಅವರ ಮೇಲೆ ಹಲವರ ಋಣವಿರುತ್ತದೆ. ಮುಂದಿನ ವರ್ಷ ಅದೇ ಮನೆಯ ಮುಂದೆ ನಿಂತು ಹೆಸರು ಹಿಡಿದು ಕೂಗುತ್ತಾರೆ. ಜಾತ್ರೆಯಲ್ಲಿ ಧೂಳಿದೆ, ಕಸವಿದೆ, ನೂಕುನುಗ್ಗಲಿದೆ, ಶೌಚಾಲಯದ ಪರದಾಟವಿದೆ. ನನ್ನ ಹೆಂಡತಿಯಂಥವರಿಗೆ ಅದು ಈಗ ಅಸಾಧ್ಯ. ಆದರೂ ಅಲ್ಲಿ ಬಂದವನಿಗೂ ಬರಮಾಡಿಕೊಂಡವನಿಗೂ ಮುಖಾಮುಖಿಯಿದೆ. ಹಡಗಿನಲ್ಲಿ ಎಲ್ಲದಕ್ಕೂ ಮುಂಗಡ ಹಣ ಕೊಟ್ಟಾಗಿರುವುದರಿಂದ ಯಾರ ಋಣವೂ ತಾಗುವುದಿಲ್ಲ. ಹಡಗು ನಿಂತ ಹಿಲೊದಲ್ಲಿ, ಹೊನೊಲುಲುವಿನಲ್ಲಿ ನಮ್ಮ ಹೆಸರು ಕೇಳಿದವರು ಯಾರೂ ಇಲ್ಲ, ನಾವೂ ಯಾರ ಹೆಸರನ್ನೂ ಕೇಳಲಿಲ್ಲ.

ಇದನ್ನು ಬದಲಿಸಲು ಸಾಧ್ಯವಿಲ್ಲವೇ? ಸಾಧ್ಯವೆಂದು ಕೆಲವು ಊರುಗಳು ತೋರಿಸಿವೆ. ವೆನಿಸ್ಸಿನ ಜುಡೆಕ್ಕಾ ಕಾಲುವೆಯಿಂದ ದೊಡ್ಡ ಹಡಗುಗಳನ್ನು 2021ರಲ್ಲಿ ಹೊರಗಿಡಲಾಯಿತು. ಅಲಾಸ್ಕದ ಜೂನೊ 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳಿಗಷ್ಟೇ ಒಪ್ಪಿದೆ. ನನಗೆ ಎಲ್ಲಕ್ಕಿಂತ ಹಿಡಿಸಿದ ಉದಾಹರಣೆ ಅದೇ ಅಲಾಸ್ಕದ ಹೂನಾ ಎಂಬ ಪುಟ್ಟ ಊರಿನದು. ಅಲ್ಲಿ 1912ರ ಹಳೆಯ ಮೀನು ಕಾರ್ಖಾನೆಯನ್ನು ನವೀಕರಿಸಿ, ಕ್ರೂಸ್ ಬಂದರನ್ನು ಕಟ್ಟಿ ನಡೆಸುತ್ತಿರುವುದು ಆ ಊರಿನ ಮೂಲನಿವಾಸಿಗಳದೇ ಸಂಸ್ಥೆ. ಹಡಗಿನವರು ಅಲ್ಲಿ ಅತಿಥಿಗಳು, ಮನೆ ಊರಿನವರದು.

ಈ ಮಾತು ಕರ್ನಾಟಕಕ್ಕೆ ತುರ್ತಾಗಿ ಬೇಕು. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಕ್ರೂಸ್ ಭಾರತ್ ಮಿಷನ್ ಆರಂಭಿಸಿದೆ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಹಡಗುಗಳು ಬರುವುದು ಹೊಸದಲ್ಲ. ಯಕ್ಷಗಾನದ ವೇಷ ಸ್ವಾಗತಿಸುತ್ತದೆ. ಕದ್ರಿ, ಕುದ್ರೋಳಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೋಡಂಬಿ ಕಾರ್ಖಾನೆ ನೋಡಿ ಸಂಜೆಗೆ ಜನ ಹಡಗು ಹತ್ತುತ್ತಾರೆ. ಹಿಲೊದಲ್ಲಿ ನಾವಿದ್ದ ಜಾಗದಲ್ಲಿ ಅವರು, ಆ ಮುದುಕಿಯ ಜಾಗದಲ್ಲಿ ನಮ್ಮವರು. ಹಡಗುಗಳ ಸಂಖ್ಯೆ ಹೆಚ್ಚಿಸುವುದಕ್ಕೆ ಮೊದಲು, ಬಂದ ಹಡಗು ಒಂದು ರಾತ್ರಿಯಾದರೂ ನಿಲ್ಲಬೇಕೆಂಬ ಷರತ್ತನ್ನು ಸರ್ಕಾರ ಹಾಕಲಿ. ಯಕ್ಷಗಾನದ ಒಂದು ಆಟ ಪೂರ್ತಿ ನೋಡುವಷ್ಟು ಹೊತ್ತು ಅವರಿಗೆ ಸಿಗಲಿ. ಬಂದರಿನ ಆದಾಯದಲ್ಲಿ ಮೊಗವೀರರ, ನೇಕಾರರ, ಕಲಾವಿದರ ಸಂಘಗಳಿಗೆ ಪಾಲು ಬರೆದಿಡಲಿ.

ಮಕ್ಕಳು ಟಿಕೆಟ್ ಮಾಡಿಸಿದ್ದರೆ ಹೋಗಿ ಬನ್ನಿ, ಮಂಡಿನೋವಿನ ತಾಯಂದಿರನ್ನು ಖಂಡಿತ ಕರೆದುಕೊಂಡು ಹೋಗಿ. ಬೆಳಗಿನ ಹೊತ್ತು ಬಿಂಗೊ ಬಿಟ್ಟು ಡೆಕ್ಕಿಗೆ ಬಂದು ನೀರು ನೋಡಿ. ಕೊನೆಯ ರಾತ್ರಿ ಟಿಪ್ಸ್ ತೆಗೆಸುವ ಸಾಲಿನಲ್ಲಿ ಮಾತ್ರ ನಿಲ್ಲಬೇಡಿ. ಕೋಣೆ ಗುಡಿಸಿದವನ ಕೈಗೆ ನಿಮ್ಮಿಂದಾದಷ್ಟು ಕೊಟ್ಟು, ಅವನ ಹೆಸರು, ಊರು ಕೇಳಿಕೊಂಡು ಇಳಿಯಿರಿ.